ಹಣೆಯ ಬೆವರು ಸಾಕ್ಷ್ಯವಾದೀತೆ?

ನ್ಯಾಯಸ್ಥಾನವೆಂದೊಡನೆ ನಮ್ಮ ಜನರ ಕಣ್ಣಿಗೆ ಕಟ್ಟುವ ಚಿತ್ರವೊಂದುಂಟು. ಕರಿಯ ನಿಲುವಂಗಿಯ ವಕೀಲನು ಗರ್ಜಿಸುತ್ತಾನೆ, ಕಟಕಟೆಯಲ್ಲಿ ನಿಂತವನ ಹಣೆಯಲ್ಲಿ ಬೆವರೊಡೆಯುತ್ತದೆ, ನಾಲಗೆ ತಡವರಿಸುತ್ತದೆ, ಮರುಕ್ಷಣದಲ್ಲಿ ತಪ್ಪೊಪ್ಪಿಗೆ ಹೊರಬೀಳುತ್ತದೆ. ಚಲನಚಿತ್ರಗಳು ಈ ಚಿತ್ರವನ್ನು ಬಹುಕಾಲದಿಂದ ಬರೆಯುತ್ತ ಬಂದಿವೆ. 1989ರ ‘ಯುದ್ಧಕಾಂಡ’ದಲ್ಲಿ ರವಿಚಂದ್ರನ್ ಅವರು ವಕೀಲರಾಗಿ ಕಾಣಿಸಿಕೊಂಡ ಮೇಲೆ, ಕರಿಯ ಕೋಟು ವೀರನ ಕವಚಕ್ಕೆ ಸಮಾನವಾಯಿತು. ಆಮೇಲೆ ಟಿ. ಎನ್. ಸೀತಾರಾಮ್ ಅವರು ತಮ್ಮ ಧಾರಾವಾಹಿಗಳಲ್ಲಿ ಸಿ.ಎಸ್.ಪಿ. ಎಂಬ ವಕೀಲನ ಪಾತ್ರವನ್ನು ತಾವೇ ಅಭಿನಯಿಸಿ, ಗರ್ಜನೆಗಿಂತ ಪ್ರಶ್ನೆಯೇ ಮೇಲೆಂದು ತೋರಿಸಿದರು. ಪದ್ಮನಾಭನಗರ, ಜಯನಗರ, ಬನಶಂಕರಿಗಳಂತಹ ಬಡಾವಣೆಗಳಲ್ಲಿ ಊಟದ ಹೊತ್ತಿಗೆ ‘ಪಾಟೀಸವಾಲು’ ಎಂಬ ಮಾತು ಮನೆಮಾತಾದುದು ಬಹುಮಟ್ಟಿಗೆ ಇಂತಹ ಕಥೆಗಳಿಂದಲೇ.

ಕಥೆಯನ್ನು ಕಥೆಯೆಂದು ನೋಡಿ ಸಂತೋಷಪಡುವುದರಲ್ಲಿ ದೋಷವೇನೂ ಇಲ್ಲ. ಆದರೆ ಇದೇ ಚಿತ್ರವನ್ನು ಹೊತ್ತು ತರುಣರು ಕಾನೂನು ಕಾಲೇಜಿಗೆ ಬರುತ್ತಾರೆ. ಇದೇ ಚಿತ್ರವನ್ನು ನೆನೆದು ನಡುಗುತ್ತ ಸಾಮಾನ್ಯ ಮನುಷ್ಯನು ಸಾಕ್ಷಿ ಹೇಳಲು ಹೋಗುತ್ತಾನೆ. ಆದಕಾರಣ, ಸಾಕ್ಷಿಯನ್ನು ಕೇಳುವುದೂ ತೂಗುವುದೂ ನಮ್ಮ ನಾಡಿನಲ್ಲಿ ಹೇಗೆ ವಿದ್ಯೆಯಾಗಿ ಬೆಳೆಯಿತು, ಆ ವಿದ್ಯೆಯನ್ನು ನಾವು ಹೇಗೆ ಕಲಿಸುತ್ತಿದ್ದೇವೆ ಎಂಬುದನ್ನು ಇಂದು ಸ್ವಲ್ಪ ವಿಚಾರಮಾಡೋಣ.

ಮೊದಲು ವಕೀಲನೇ ಇಲ್ಲದ ಒಂದು ನ್ಯಾಯಸ್ಥಾನವನ್ನು ನೋಡಬಹುದು. ಶೂದ್ರಕನ ‘ಮೃಚ್ಛಕಟಿಕ’ದ ಕಥೆ ಕನ್ನಡಿಗರಿಗೆ ಹೊಸದಲ್ಲ. 1941ರಲ್ಲಿ ‘ವಸಂತಸೇನಾ’ ಎಂಬ ಹೆಸರಿನಿಂದ ಅದು ಕನ್ನಡ ಚಲನಚಿತ್ರವೂ ಆಯಿತು. ಸುಬ್ಬಯ್ಯನಾಯ್ಡು, ನಾಗೇಂದ್ರರಾಯರಂತಹ ನಟರು ಅದರಲ್ಲಿದ್ದರು. ಆ ನಾಟಕದ ಒಂಬತ್ತನೆಯ ಅಂಕವೆಲ್ಲ ವಿಚಾರಣೆಯೇ. ವಸಂತಸೇನೆಯನ್ನು ಕೊಂದನೆಂಬ ಅಪವಾದ ಚಾರುದತ್ತನ ಮೇಲೆ ಬಂದಿದೆ. ನ್ಯಾಯಾಧಿಕಾರಿಯಿದ್ದಾನೆ, ಶ್ರೇಷ್ಠಿಯಿದ್ದಾನೆ, ಬರೆದುಕೊಳ್ಳುವ ಕಾಯಸ್ಥನಿದ್ದಾನೆ. ಆಪಾದಿತನ ಪರವಾಗಿ ಪ್ರಶ್ನೆ ಕೇಳುವವನು ಮಾತ್ರ ಯಾರೂ ಇಲ್ಲ. ವೀರಕನೆಂಬ ಕಾವಲುಗಾರನು ಉದ್ಯಾನಕ್ಕೆ ಹೋಗಿ ಬಂದು, ಮೃಗಗಳು ತಿಂದುಳಿದ ಹೆಂಗಸಿನ ಶವವನ್ನು ಕಂಡೆನೆನ್ನುತ್ತಾನೆ. ಹೆಂಗಸೆಂದು ನಿನಗೆ ಹೇಗೆ ತಿಳಿಯಿತೆಂದು ನ್ಯಾಯಾಧಿಕಾರಿ ಕೇಳುತ್ತಾನೆ. ಉಳಿದ ಕೂದಲು, ಕೈಕಾಲುಗಳಿಂದ ತಿಳಿಯಿತೆಂದು ಉತ್ತರ ಬರುತ್ತದೆ. ಪ್ರಶ್ನೆ ಅಲ್ಲಿಗೆ ನಿಂತಿತು! ಆ ಹೆಂಗಸು ವಸಂತಸೇನೆಯೇ ಎಂಬುದಕ್ಕೆ ಆಧಾರವೇನೆಂಬ ಮುಂದಿನ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಅಷ್ಟರಲ್ಲಿ ಮೈತ್ರೇಯನ ಕಂಕುಳಿನಿಂದ ಒಡವೆಗಳು ಕೆಳಗೆ ಬಿದ್ದವು, ಅಪರಾಧ ಸ್ಥಿರಪಟ್ಟಿತು. ನ್ಯಾಯಾಧಿಕಾರಿ ಗಡೀಪಾರು ಸಾಕೆಂದರೂ ಅರಸನು ಮರಣದಂಡನೆ ವಿಧಿಸಿದನು. ಕೊಲೆಯಾದವಳೆಂದು ಎಣಿಸಿದ ವಸಂತಸೇನೆ ವಧ್ಯಸ್ಥಾನಕ್ಕೆ ಜೀವಸಹಿತ ಬಾರದಿದ್ದಲ್ಲಿ ಚಾರುದತ್ತನು ಉಳಿಯುತ್ತಿರಲಿಲ್ಲ. ನಾಟಕದಲ್ಲಿ ಕವಿ ಅವಳನ್ನು ಸಕಾಲದಲ್ಲಿ ಕರೆತರಬಲ್ಲನು. ಲೋಕದಲ್ಲಿ ಆ ಭಾಗ್ಯ ಎಲ್ಲರಿಗೂ ಇರುವುದಿಲ್ಲ. ಅಲ್ಲಿ ಸಕಾಲದಲ್ಲಿ ಬರಬೇಕಾದುದು ಆ ಮುಂದಿನ ಪ್ರಶ್ನೆ.

ನಾಟಕದಿಂದ ಶಾಸ್ತ್ರಕ್ಕೆ ಬರೋಣ. ಹನ್ನೊಂದನೆಯ ಶತಮಾನದ ಕೊನೆ, ಹನ್ನೆರಡನೆಯದರ ಆದಿ; ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರ ವರೆಗೆ ಆಳಿದ ಕಾಲ. ಅವನ ಆಶ್ರಯದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ದಾಯಭಾಗದ ವಿಷಯದಲ್ಲಿ ಆ ಗ್ರಂಥದ ಕೀರ್ತಿ ಎಲ್ಲರಿಗೂ ತಿಳಿದಿದೆ. ವ್ಯವಹಾರ ವಿಚಾರಣೆಯ ಕ್ರಮವನ್ನೂ ಅದು ಅಷ್ಟೇ ಸೂಕ್ಷ್ಮವಾಗಿ ಹೇಳುತ್ತದೆಂಬುದು ಅಷ್ಟಾಗಿ ತಿಳಿದಿಲ್ಲ. ವ್ಯವಹಾರಕ್ಕೆ ನಾಲ್ಕು ಪಾದಗಳು: ವಾದಿಯ ಮಾತು, ಪ್ರತಿವಾದಿಯ ಉತ್ತರ, ಪ್ರಮಾಣ, ಸಿದ್ಧಿ. ಪ್ರಮಾಣವೆಂದರೆ ಬರೆಹ, ಭೋಗ, ಸಾಕ್ಷಿಗಳು. ಇವು ಯಾವುವೂ ದೊರೆಯದಾಗ ಮಾತ್ರ ತಕ್ಕಡಿ, ಬೆಂಕಿ, ನೀರು ಮೊದಲಾದ ದಿವ್ಯಗಳು. ದಿವ್ಯಗಳು ಕಾಲಗರ್ಭದಲ್ಲಿ ಅಡಗಿದುವು. ಅಡಗಿದುದು ಒಳ್ಳೆಯದೇ ಆಯಿತು. ಆದರೆ ಅದೇ ಗ್ರಂಥದ ಇನ್ನೊಂದು ಮಾತು ಇಂದಿಗೂ ಹಳೆಯದಾಗಿಲ್ಲ.

ಯಾಜ್ಞವಲ್ಕ್ಯನು ದುಷ್ಟನಾದ ಕಕ್ಷಿಯ, ದುಷ್ಟನಾದ ಸಾಕ್ಷಿಯ ಲಕ್ಷಣಗಳನ್ನು ಎಣಿಸಿದ್ದಾನೆ. ಅಂಥವನು ನಿಂತಲ್ಲಿ ನಿಲ್ಲನು. ಬಾಯ ಅಂಚನ್ನು ನೆಕ್ಕಿಕೊಳ್ಳುವನು. ಅವನ ಹಣೆ ಬೆವರುವುದು, ಮುಖ ಬಣ್ಣಗೆಡುವುದು. ನಮ್ಮ ಚಲನಚಿತ್ರಗಳ ಕಟಕಟೆಯಲ್ಲಿ ಕಾಣುವುದೂ ಇದೇ ಅಲ್ಲವೆ! ಇಲ್ಲಿ ವಿಜ್ಞಾನೇಶ್ವರನು ತಡೆದು ನಿಲ್ಲುತ್ತಾನೆ. ಇವು ದೋಷವಿರಬಹುದೆಂಬ ಶಂಕೆಗೆ ಎಡೆಗೊಡುವುವೇ ಹೊರತು ನಿಶ್ಚಯಕ್ಕೆ ಸಾಲವು ಎನ್ನುತ್ತಾನೆ. ಏಕೆಂದರೆ ಸ್ವಭಾವದಿಂದಾದ ವಿಕಾರ ಯಾವುದು, ಕಾರಣಾಂತರದಿಂದ ಉಂಟಾದುದು ಯಾವುದೆಂದು ಬಿಡಿಸಿ ತಿಳಿಯುವುದು ಕಷ್ಟ. ನಿಪುಣನೊಬ್ಬನು ತಿಳಿದನೆಂದೇ ಇಟ್ಟುಕೊಂಡರೂ, ಅದರಿಂದಲೇ ಸೋಲನ್ನು ಸಾರಲಾಗದು. ಸಾಯುವ ಲಕ್ಷಣ ಕಂಡಿತೆಂದು ಬದುಕಿರುವವನಿಗೆ ಯಾರೂ ಉತ್ತರಕ್ರಿಯೆ ಮಾಡುವುದಿಲ್ಲವಷ್ಟೆ ಎಂಬುದು ಅವನ ದೃಷ್ಟಾಂತದ ತಾತ್ಪರ್ಯ. ಒಂಬೈನೂರು ವರ್ಷಗಳ ಹಿಂದೆ ಕನ್ನಡನಾಡಿನ ರಾಜಧಾನಿಯಲ್ಲಿ ಹುಟ್ಟಿದ ಈ ಎಚ್ಚರವನ್ನು ಪ್ರತಿಯೊಬ್ಬ ಕಾನೂನು ವಿದ್ಯಾರ್ಥಿಯೂ ಮೊದಲ ಪಾಠವಾಗಿ ಕಲಿಯತಕ್ಕದ್ದೆಂದು ನಾವು ಭಾವಿಸುತ್ತೇವೆ.

ಆಧುನಿಕ ಕಾಲದ ಸಾಕ್ಷ್ಯಶಾಸ್ತ್ರಕ್ಕೆ ಅಡಿಪಾಯ 1872ರ ಭಾರತೀಯ ಸಾಕ್ಷ್ಯ ಅಧಿನಿಯಮ. ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್ ಎಂಬ ಆಂಗ್ಲ ನ್ಯಾಯಪಂಡಿತನು ಅದನ್ನು 167 ಪ್ರಕರಣಗಳಲ್ಲಿ ಅಡಕಮಾಡಿದನು. ಸಾಕ್ಷಿಯನ್ನು ಕರೆಸಿದವನು ಮೊದಲು ಮುಖ್ಯ ವಿಚಾರಣೆ ಮಾಡಬೇಕು; ಎದುರು ಪಕ್ಷದವನು ಪಾಟೀಸವಾಲು ಹಾಕಬೇಕು; ಅನಂತರ ಬೇಕಾದಲ್ಲಿ ಮರುವಿಚಾರಣೆ. ಉತ್ತರವನ್ನು ತನ್ನೊಳಗೇ ಸೂಚಿಸುವ ಪ್ರಶ್ನೆಯನ್ನು ಎದುರು ಪಕ್ಷ ಆಕ್ಷೇಪಿಸಿದರೆ, ಮುಖ್ಯ ವಿಚಾರಣೆಯಲ್ಲಿ ನ್ಯಾಯಾಲಯದ ಅನುಮತಿಯಿಲ್ಲದೆ ಕೇಳಲಾಗದು, ಪಾಟೀಸವಾಲಿನಲ್ಲಿ ಕೇಳಬಹುದು. ಈ ಕ್ರಮವು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರಲ್ಲಿಯೂ ಉಳಿದುಕೊಂಡಿದೆ.

ಕಾನೂನು ಬಂದಿತು; ಅದನ್ನು ಬಳಸುವ ವಿದ್ಯೆ ಎಲ್ಲಿಂದ ಬರಬೇಕು? ಮೈಸೂರು ಸಂಸ್ಥಾನದಲ್ಲಿ 1884ರಲ್ಲಿಯೇ ಚೀಫ್ ಕೋರ್ಟು ಏರ್ಪಟ್ಟು, 1930ರಲ್ಲಿ ಅದಕ್ಕೆ ಹೈಕೋರ್ಟೆಂಬ ಹೆಸರಾಯಿತು. ಆದರೆ ಬೆಂಗಳೂರಿನಲ್ಲಿ ಸರ್ಕಾರಿ ಕಾನೂನು ಕಾಲೇಜು ತೆರೆದುದು 1948ರಲ್ಲಿ. ಪಾಟೀಸವಾಲಿನ ಕಲೆಯನ್ನು ತರುಣರು ಹಿರಿಯ ವಕೀಲರ ಕಚೇರಿಯಲ್ಲಿ ಕಾಗದಪತ್ರ ಜೋಡಿಸುತ್ತ, ಅವರ ಹಿಂದೆ ಕುಳಿತು ನೋಡುತ್ತ ಕಲಿತರು. ಒಳ್ಳೆಯ ಹಿರಿಯನು ದೊರೆತವನಿಗೆ ವಿದ್ಯೆ ದೊರೆಯಿತು. 1987ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕಾನೂನು ಶಾಲೆ ಹುಟ್ಟಿದ ಮೇಲೆ ಐದು ವರ್ಷಗಳ ಶಿಕ್ಷಣಕ್ರಮ ಪ್ರಸಿದ್ಧವಾಯಿತು. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳು ಪ್ರಾಯೋಗಿಕ ಪಾಠವೊಂದಕ್ಕೆ 100 ಅಂಕಗಳನ್ನು ಹೀಗೆ ಹಂಚಿದುವು: ಮೂರು ಅಣಕು ನ್ಯಾಯಾಲಯಗಳಿಗೆ 30, ಎರಡು ನಿಜವಾದ ಮೊಕದ್ದಮೆಗಳ ವಿಚಾರಣೆಯನ್ನು ನೋಡಿ ಬರೆಯುವುದಕ್ಕೆ 30, ಕಕ್ಷಿದಾರರ ಸಂದರ್ಶನ ಮತ್ತು ಪೂರ್ವಸಿದ್ಧತೆಗೆ 30, ಮೌಖಿಕ ಪರೀಕ್ಷೆಗೆ 10.

ಹಂಚಿಕೆ ಚೆನ್ನಾಗಿದೆ. ಆದರೆ ಅಣಕು ನ್ಯಾಯಾಲಯದಲ್ಲಿ ಸಂಗತಿಗಳನ್ನೆಲ್ಲ ಮೊದಲೇ ಅಚ್ಚುಹಾಕಿ ಕೈಗೆ ಕೊಟ್ಟಿರುತ್ತಾರೆ. ವಾದ ನಡೆಯುವುದು ಕಾನೂನಿನ ಅರ್ಥದ ಮೇಲೆ. ಸಂಗತಿಯೇ ನಿಜವೋ ಸುಳ್ಳೋ ಎಂದು ನಡುಗುವ ಮನುಷ್ಯನೊಬ್ಬನನ್ನು ಕೇಳಿ ತಿಳಿಯುವ ಪ್ರಸಂಗ ಅಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ವಾಗ್ಮಿತೆಗೆ ಬಹುಮಾನ ದೊರೆಯುತ್ತದೆ, ಕಿವಿಗೊಡುವ ಶಕ್ತಿಗೆ ದೊರೆಯುವುದಿಲ್ಲ.

ಇದರಿಂದಾಗುವ ಕೇಡು ಪರೀಕ್ಷೆಯ ಅಂಕಗಳಷ್ಟಕ್ಕೆ ನಿಲ್ಲದು. ಅತ್ಯಾಚಾರದ ಮೊಕದ್ದಮೆಯಲ್ಲಿ, ದೂರು ಕೊಟ್ಟ ಹೆಂಗಸು ನಡತೆಗೆಟ್ಟವಳೆಂದು ತೋರಿಸಿ ಅವಳ ಮಾತನ್ನು ಅಲ್ಲಗಳೆಯಲು 1872ರ ಕಾನೂನೇ ಅವಕಾಶ ಕೊಟ್ಟಿತ್ತು. 2002ರ ತಿದ್ದುಪಡಿ ಕಾಯಿದೆ ಅದನ್ನು ತೆಗೆದುಹಾಕುವ ತನಕ 130 ವರ್ಷಗಳು ಕಳೆದುವು. ಅವಮಾನಪಡಿಸಲೆಂದೇ ಕೇಳುವ ಪ್ರಶ್ನೆಯನ್ನು ನ್ಯಾಯಾಧೀಶರು ತಡೆಯತಕ್ಕದ್ದೆಂದು ಕಾನೂನು ಮೊದಲಿನಿಂದಲೂ ಹೇಳುತ್ತಿದೆ. ಆದರೂ ಅಳುವ ಸಾಕ್ಷಿ ಸೋತ ಸಾಕ್ಷಿಯೆಂಬ ಭಾವನೆ ಪರದೆಯಿಂದ ಮನಸ್ಸಿಗೆ ಇಳಿದಿರುವಾಗ, ಪ್ರಕರಣದ ಅಕ್ಷರವೊಂದೇ ಆಕೆಯನ್ನು ಕಾಯಲಾರದು. ಆಕೆ ಬೆವರಿದಳೆಂದು ಸುಳ್ಳಾಡಿದಳೆಂದಾಯಿತೆ? ಆಪಾದಿತನು ತಡವರಿಸಿದನೆಂದು ಅಪರಾಧಿಯಾದನೆ? ಈ ಎರಡು ಪ್ರಶ್ನೆಗಳಿಗೂ ಕಲ್ಯಾಣದ ಉತ್ತರ ಒಂದೇ.

ನ್ಯಾಯಾಲಯದ ಬಾಗಿಲು ಸಾಮಾನ್ಯವಾಗಿ ಸಾರ್ವಜನಿಕರಿಗೆ ತೆರೆದೇ ಇರುತ್ತದೆ. ಅನುಕೂಲವಿದ್ದವರು ಒಂದು ದಿನ ಅಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಬಹುದು. ಗರ್ಜನೆ ಹೆಚ್ಚಾಗಿ ಕೇಳಿಸದು. ಎಷ್ಟು ಗಂಟೆಗೆ, ಎಷ್ಟು ದೂರದಿಂದ, ಯಾವ ಬೆಳಕಿನಲ್ಲಿ ಎಂಬ ಸಣ್ಣ ಪ್ರಶ್ನೆಗಳೂ, ಉತ್ತರವನ್ನು ಬರೆದುಕೊಳ್ಳುವವರೆಗಿನ ಮೌನವೂ ಅಲ್ಲಿರುತ್ತವೆ. ನೋಡುವವರಿಗೆ ಬೇಸರ ಬಂದೀತು. ಆದರೆ ವೀರಕನನ್ನು ಕೇಳದೆ ಬಿಟ್ಟ ಪ್ರಶ್ನೆ ಅಂತಹ ಬೇಸರದ ಪ್ರಶ್ನೆಯೇ ಆಗಿತ್ತು. ಅದನ್ನು ಕೇಳುವ ತಾಳ್ಮೆಯನ್ನು ಕಲಿಸುವುದೇ ನಮ್ಮ ಕಾನೂನು ಕಾಲೇಜುಗಳ ಮೊದಲ ಕೆಲಸವಾಗಲಿ.