ಎಂಜಲು, ಸೋಂಕು, ಸಮ್ಮತಿ: ಔಪರಿಷ್ಟಕದ ಚರಿತ್ರೆಯಲ್ಲಿ ಹೆಣ್ಣಿನ ಸ್ಥಾನ

ವಾತ್ಸ್ಯಾಯನನ ಕಾಮಸೂತ್ರದ ಎರಡನೆಯ ಅಧಿಕರಣದ ಒಂಬತ್ತನೆಯ ಅಧ್ಯಾಯಕ್ಕೆ ಔಪರಿಷ್ಟಕವೆಂದು ಹೆಸರು. ಬಾಯಿಯಿಂದ ನಡೆಸುವ ರತಿಯೇ ಅದರ ವಿಷಯ. ಅಧ್ಯಾಯದ ಬಹುಭಾಗ ಪುರುಷನು ಪಡೆಯುವ ಸುಖಕ್ಕೆ ಮೀಸಲಾಗಿದೆ. ಅದನ್ನು ಸಲ್ಲಿಸುವವರು ಮುಖ್ಯವಾಗಿ ತೃತೀಯಾ ಪ್ರಕೃತಿಯವರು. ಪುರುಷನು ಸ್ತ್ರೀಗೆ ಇದೇ ಕ್ರಿಯೆಯನ್ನು ನಡೆಸುವ ಪ್ರಸಂಗ ಬರುವುದು ಅಧ್ಯಾಯದ ಕೊನೆಯ ಭಾಗದಲ್ಲಿ, ಅತ್ಯಂತ ಸಂಕ್ಷೇಪವಾಗಿ. ಅಲ್ಲಿ ಬಳಕೆಯಾಗಿರುವ ‘ಕಿಲ’ ಎಂಬ ಅವ್ಯಯವು ಕನ್ನಡದ ‘ಅಂತೆ’ಗೆ ಸಮೀಪವಾದುದು. ಹಾಗೆ ಮಾಡುವವರೂ ಉಂಟಂತೆ. ವಿಧಾನವನ್ನು ಮುಖಚುಂಬನದಿಂದ ಊಹಿಸಿಕೊಳ್ಳಬೇಕಂತೆ. ಶಾಸ್ತ್ರಕಾರನು ಕ್ರಿಯೆಯನ್ನು ಬಲ್ಲ. ಆದರೆ ಅದರ ಕುರಿತು ಕೇಳಿದ ಮಾತಿನ ಧಾಟಿಯಲ್ಲಿ ನುಡಿಯುತ್ತಾನೆ.

ಅದೇ ಅಧ್ಯಾಯದಲ್ಲಿ ಶುದ್ಧಾಶುದ್ಧಿಯ ಚರ್ಚೆಯೊಂದಿದೆ. ಔಪರಿಷ್ಟಕವು ಶಾಸ್ತ್ರವಿರುದ್ಧ, ಅಸಭ್ಯ ಎಂಬ ಆಚಾರ್ಯರ ಮತಕ್ಕೆ ಎದುರಾಗಿ, ರತಿಯ ಹೊತ್ತಿನಲ್ಲಿ ಸ್ತ್ರೀಯ ಬಾಯಿ ಶುದ್ಧವೆಂಬ ಸ್ಮೃತಿವಾಕ್ಯವನ್ನು ವಾತ್ಸ್ಯಾಯನನು ತರುತ್ತಾನೆ. ಕೊನೆಗೆ ದೇಶಾಚಾರವನ್ನೂ ತನ್ನ ಮನಸ್ಸನ್ನೂ ನೋಡಿಕೊಂಡು ನಡೆಯಬೇಕೆಂದು ನಿರ್ಣಯವನ್ನು ವ್ಯಕ್ತಿಗೇ ಬಿಡುತ್ತಾನೆ. ಉದಾರವಾದ ನಿಲುವೇ ಸರಿ. ಆದರೆ ಪ್ರಶ್ನೆ ಹುಟ್ಟಿರುವುದು ಪುರುಷನ ಕಡೆಯಿಂದ: ಆ ಬಾಯಿ ಅವನ ಚುಂಬನಕ್ಕೆ ಯೋಗ್ಯವೇ? ಹೆಣ್ಣಿಗೆ ಏನು ಬೇಕು ಎಂಬುದು ಇಲ್ಲಿ ಚರ್ಚೆಯ ವಿಷಯವೇ ಅಲ್ಲ.

ಕನ್ನಡದಲ್ಲಿಯೂ ಕಾಮಶಾಸ್ತ್ರದ ಪರಂಪರೆ ಹಳೆಯದು. ಹನ್ನೊಂದನೆಯ ಶತಮಾನದ ಚಂದ್ರರಾಜನ ‘ಮದನತಿಲಕ’, ಹದಿನೈದನೆಯ ಶತಮಾನದ ಕಲ್ಲರಸನ ‘ಜನವಶ್ಯ’ ಅದಕ್ಕೆ ಸಾಕ್ಷಿ. ಆದರೆ ಮನೆಮಾತಿನಲ್ಲಿ ಈ ವಿಷಯವನ್ನು ಆಳಿದ ಪದ ಶಾಸ್ತ್ರದ್ದಲ್ಲ, ‘ಎಂಜಲು’. ಗಡಿ ದಾಟಿದರೂ ಆ ಭಾವ ನಮ್ಮನ್ನು ಬಿಡುವುದಿಲ್ಲ. ತೆಲುಗಿನಲ್ಲಿ ಅದು ಎಂಗಿಲಿ, ತಮಿಳು–ಮಲಯಾಳಗಳಲ್ಲಿ ಎಚ್ಚಿಲ್, ಮರಾಠಿಯಲ್ಲಿ ಉಷ್ಟೆ. ಎಂಜಲಿಗೆ ಒಂದು ದಿಕ್ಕೂ ಇದೆ. ಗಂಡ ಉಂಡ ಎಲೆಯಲ್ಲಿ ಹೆಂಡತಿ ಉಣ್ಣುವ ರೂಢಿಯಿತ್ತು. ಹೆಂಡತಿ ಉಂಡ ಎಲೆಯಲ್ಲಿ ಗಂಡ ಉಣ್ಣುವುದು ರೂಢಿಯಾಗಲಿಲ್ಲ. ಮುಟ್ಟಿನ ಮೈಲಿಗೆಯೂ ಸೇರಿಕೊಂಡಾಗ, ಹೆಣ್ಣಿನ ಯೋನಿಗೆ ಗಂಡು ಬಾಯಿಡುವುದು ಹೇಸಿಗೆಗಿಂತ ಹೆಚ್ಚಾಗಿ ಮೇಲು–ಕೀಳಿನ ಬುಡಮೇಲಾಗಿ ಕಂಡಿರಬೇಕು.

ವೈದ್ಯವಿಜ್ಞಾನವು ಮೈಲಿಗೆಯನ್ನು ಕಾಣುವುದಿಲ್ಲ, ಸೋಂಕನ್ನು ಕಾಣುತ್ತದೆ. ‘ಸೋಂಕು’ ಎಂಬುದಕ್ಕೆ ಮೂಲತಃ ಸ್ಪರ್ಶವೆಂದೇ ಅರ್ಥ. ರೋಗವೆಂಬ ಅರ್ಥ ಬಳಿಕ ಗಟ್ಟಿಯಾಯಿತು. ಯೋನಿಯು ತನ್ನನ್ನು ತಾನೇ ಶುದ್ಧವಾಗಿಟ್ಟುಕೊಳ್ಳುವ ಅಂಗ. ಒಳಭಾಗವನ್ನು ಸಾಬೂನು, ಸುಗಂಧದ್ರವ್ಯಗಳಿಂದ ತೊಳೆಯುವುದು ಅಲ್ಲಿನ ಹಿತಕರ ಜೀವಾಣುಗಳಿಗೆ ಹಾನಿ. ತೊಳೆದ ಮಾತ್ರಕ್ಕೆ ಸೋಂಕು ದೂರವಾಗುವುದೂ ಇಲ್ಲ. ಹರ್ಪಿಸ್, ಗೊನೋರಿಯಾ, ಸಿಫಿಲಿಸ್, ಎಚ್‌ಪಿವಿ ಇವು ಬಾಯಿಯ ಮೂಲಕ ಹರಡಬಲ್ಲವು. ಎಚ್‌ಪಿವಿಯ ಕೆಲವು ಬಗೆಗಳು ಗಂಟಲಿನ ಕ್ಯಾನ್ಸರಿಗೂ ಕಾರಣ. ಎಚ್‌ಐವಿ ಹರಡುವ ಸಂಭವ ಬಹಳ ಕಡಿಮೆ. ತುಟಿಯಲ್ಲಿ ಹರ್ಪಿಸ್ ಗುಳ್ಳೆಯಿರುವಾಗ ದೂರವಿರುವುದು, ತೆಳುವಾದ ಲ್ಯಾಟೆಕ್ಸ್ ಹಾಳೆಯನ್ನು ಅಥವಾ ಉದ್ದಕ್ಕೆ ಕತ್ತರಿಸಿ ಬಿಡಿಸಿದ ಕಾಂಡೋಮನ್ನು ತಡೆಯಾಗಿ ಬಳಸುವುದು, ಎಚ್‌ಪಿವಿ ಲಸಿಕೆ ಪಡೆಯುವುದು ಇವು ಕ್ರಮಗಳು. ಗರ್ಭಿಣಿಯ ಯೋನಿಯೊಳಕ್ಕೆ ಗಾಳಿ ಊದಬಾರದು. ವಿರಳವಾದರೂ ಅದು ಪ್ರಾಣಾಪಾಯ ತರಬಲ್ಲದು.

ಕಾನೂನಿನ ದಾರಿ ಬೇರೆ. 1860ರ ದಂಡಸಂಹಿತೆಯ 377ನೆಯ ಕಲಮು ‘ಪ್ರಕೃತಿಯ ಕ್ರಮ’ವನ್ನು ಮಾನದಂಡವಾಗಿಸಿತು. 1925ರಲ್ಲಿ ಸಿಂಧ್‌ನ ನ್ಯಾಯಾಲಯವು, ಗರ್ಭಧಾರಣೆಗೆ ಎಡೆಯಿಲ್ಲದ ಕೂಟವೆಂಬ ತರ್ಕದಿಂದ, ಪುರುಷಾಂಗವನ್ನು ಬಾಯಿಗಿಡುವ ಕೃತ್ಯವನ್ನು ಅದರಡಿ ತಂದಿತು. ಯೋನಿಗೆ ಬಾಯಿ ಸೋಕಿಸುವ ಕ್ರಿಯೆಯನ್ನು 2013ರ ತಿದ್ದುಪಡಿಯು ಅತ್ಯಾಚಾರದ ವ್ಯಾಖ್ಯೆಯಲ್ಲಿ ಸ್ಪಷ್ಟವಾಗಿ ಹೆಸರಿಸಿತು. ಅಲ್ಲಿ ಮಾನದಂಡ ಪ್ರಕೃತಿಯಲ್ಲ, ಹೆಣ್ಣಿನ ಸಮ್ಮತಿ. 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯವು ವಯಸ್ಕರ ಸಮ್ಮತಿಯ ಕೂಟವನ್ನು 377ರಿಂದ ಬಿಡಿಸಿತು. ಆದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 63ನೆಯ ಕಲಮಿನಲ್ಲಿಯೂ ಹದಿನೆಂಟು ತುಂಬಿದ ಹೆಂಡತಿಯ ಮೇಲೆ ಗಂಡ ನಡೆಸುವ ಕೃತ್ಯಕ್ಕೆ ವಿನಾಯಿತಿ ಉಳಿದಿದೆ. ಸಮ್ಮತಿಯೆಂಬ ಅಳತೆಗೋಲು ಮನೆಯ ಹೊಸ್ತಿಲಲ್ಲಿ ನಿಂತುಬಿಟ್ಟಿದೆ.

ಸ್ಮೃತಿಯ ಶುದ್ಧಿ, ಮನೆಯ ಎಂಜಲು, ವಸಾಹತು ಕಾನೂನಿನ ಪ್ರಕೃತಿ ಈ ಮೂರೂ ಹೆಣ್ಣನ್ನು ಕುರಿತು ಮಾತಾಡಿದವು, ಹೆಣ್ಣನ್ನು ಕೇಳಲಿಲ್ಲ. ಬೇಕು, ಬೇಡ, ನೋಯುತ್ತದೆ ಎಂಬ ಮೂರು ಮಾತುಗಳನ್ನು ಸಂಗಾತಿಯ ಮುಂದೆಯೂ ವೈದ್ಯರ ಮುಂದೆಯೂ ಆಡಲು ಹೆಣ್ಣಿಗೆ ನಾಚಿಕೆಯಿಲ್ಲದ ನುಡಿ ಬೇಕು. ಮನೆಯಲ್ಲಿ ಕನ್ನಡವನ್ನೂ ಆಸ್ಪತ್ರೆಯಲ್ಲಿ ಇನ್ನೊಂದು ಭಾಷೆಯನ್ನೂ ಆಡುವ ಗಡಿನಾಡಿನ ಹೆಣ್ಣಿಗೆ ಅದು ಎರಡು ಭಾಷೆಗಳಲ್ಲಿ ಬೇಕು. ಯೋನಿ, ಚುಂಬನ, ಸಮ್ಮತಿ ಎಂಬ ಪದಗಳು ಗಡಿಯ ಎರಡೂ ಕಡೆ ತಿಳಿಯುತ್ತವೆ. ಅವುಗಳನ್ನು ಪಂಡಿತರ ಗ್ರಂಥದಿಂದ ಹೆಂಗಸರ ಮಾತಿಗೆ ತರುವುದು ನಮ್ಮ ಭಾಷಾಧ್ಯಯನದ ಕೆಲಸವೂ ಹೌದು.