ಚಿಂದಿ ವಿಂಗಡಿಸಿದ ಕೈಗಳು: ಶಾಡಿ ಉಣ್ಣೆಯ ಎರಡು ಶತಮಾನ

ಹಳೆ ಬಟ್ಟೆಗೆ ಹೊಸ ರೂಪ ಕೊಡುವ ಕೆಲಸಕ್ಕೆ ಇಂದು ಫ್ಯಾಷನ್ ಲೋಕದಲ್ಲಿ ಒಳ್ಳೆಯ ಹೆಸರಿದೆ. ಆದರೆ ಇದೇ ಕೆಲಸ ಕಾರ್ಖಾನೆಯ ಮಟ್ಟದಲ್ಲಿ ಶುರುವಾಗಿ ಇನ್ನೂರು ವರ್ಷ ದಾಟಿದೆ. ಅದರಲ್ಲಿ ಬಹುಪಾಲು ಕಾಲ ಅದನ್ನು ಮೋಸದ ದಂಧೆ ಎಂದೇ ಜನ ಕಂಡರು. ಯಾರ್ಕ್‌ಷೈರ್‌ನ ಬ್ಯಾಟ್ಲಿಯಲ್ಲಿ ಹುಟ್ಟಿ, ಇಟಲಿಯ ಪ್ರಾಟೊದಲ್ಲಿ ಬೇರೂರಿ, ಹರಿಯಾಣದ ಪಾನಿಪತ್ತಿಗೂ ಬಂದು ಸೇರಿದ ‘ಶಾಡಿ’ ಉಣ್ಣೆಯ ಚರಿತ್ರೆ ಈ ಲೇಖನದ ವಸ್ತು. ಚಿಂದಿ ಹರಿಯುವ ಯಂತ್ರವೇ ಈ ಚರಿತ್ರೆಯ ನಾಯಕ ಎಂಬಂತೆ ಸಾಮಾನ್ಯವಾಗಿ ಬರೆಯಲಾಗಿದೆ. ಯಂತ್ರದ ಬಾಯಿಗೆ ಬೀಳುವ ಮುನ್ನ ಆ ಚಿಂದಿಯನ್ನು ಆರಿಸಿ ಬೇರೆ ಮಾಡಿದ ಹೆಂಗಸರ ಕೆಲಸವೇ ಉದ್ಯಮದ ಏಳುಬೀಳನ್ನು ನಿರ್ಧರಿಸಿತು ಎಂಬುದು ನನ್ನ ವಾದ.

ಬ್ಯಾಟ್ಲಿಯ ಬೆಂಜಮಿನ್ ಲಾ ಎಂಬಾತ 1813ರಲ್ಲಿ ಹಳೆ ಉಣ್ಣೆ ಬಟ್ಟೆಯನ್ನು ಹರಿದು ನಾರಾಗಿಸಿ, ಹೊಸ ಉಣ್ಣೆಯ ಜೊತೆ ಬೆರೆಸಿ ನೂಲು ತೆಗೆಯುವ ದಾರಿ ಕಂಡುಕೊಂಡ. ಅದು ನೆಪೋಲಿಯನ್ ಯುದ್ಧಗಳ ಕಾಲ. ಸೈನ್ಯಕ್ಕೆ ಬಟ್ಟೆ ಬೇಕಿತ್ತು, ಉಣ್ಣೆ ಸುಲಭಕ್ಕೆ ಸಿಗುತ್ತಿರಲಿಲ್ಲ. ಕಾಲುಚೀಲ, ಹೆಣಿಗೆಯ ಉಡುಪು, ಫ್ಲಾನೆಲ್‌ನಂಥ ಮೆದು ಬಟ್ಟೆಯಿಂದ ತೆಗೆದ ನಾರಿಗೆ ಶಾಡಿ ಎಂದು ಹೆಸರಾಯಿತು. ಎರಡು ದಶಕಗಳ ನಂತರ, ಕೋಟು ಹೊಲಿಯುವ ಬಿಗಿ ನೇಯ್ಗೆಯ ಬಟ್ಟೆಯನ್ನೂ ಹರಿಯಲು ಸಾಧ್ಯವಾದಾಗ ಆ ಗಿಡ್ಡ ನಾರನ್ನು ‘ಮಂಗೋ’ ಎಂದು ಕರೆದರು. ಬ್ಯಾಟ್ಲಿಯ ಸ್ಯಾಮ್ಯುಯೆಲ್ ಜಬ್ 1860ರಲ್ಲೇ ಈ ವ್ಯಾಪಾರದ ಇತಿಹಾಸವನ್ನು ಪುಸ್ತಕವಾಗಿ ಬರೆದ. ಐವತ್ತು ವರ್ಷವೂ ತುಂಬದ ಕಸುಬಿಗೆ ಇತಿಹಾಸಕಾರ ಸಿಕ್ಕಿದ್ದನೆಂದರೆ ಅದು ಎಷ್ಟು ಬೇಗ ಬೆಳೆದಿರಬೇಕು. ಕಾರ್ಖಾನೆ ನಿರೀಕ್ಷಕರ ವರದಿಯನ್ನು ಆಧರಿಸಿ ಕಾರ್ಲ್ ಮಾರ್ಕ್ಸ್ ‘ಬಂಡವಾಳ’ದ ಮೂರನೇ ಸಂಪುಟದಲ್ಲಿ ಕೊಡುವ ಲೆಕ್ಕದಂತೆ, 1862ರ ಕೊನೆಯ ಹೊತ್ತಿಗೆ ಇಂಗ್ಲೆಂಡಿನ ಉದ್ಯಮ ಬಳಸುತ್ತಿದ್ದ ಒಟ್ಟು ಉಣ್ಣೆಯಲ್ಲಿ ಮೂರನೇ ಒಂದು ಪಾಲು ಹೀಗೆ ಮರಳಿ ಪಡೆದದ್ದು.

ಚಿಂದಿಯಿಂದ ಇಷ್ಟು ಉಣ್ಣೆ ಹೇಗೆ ಸಿಕ್ಕಿತು ಎಂದು ತಿಳಿಯಲು ವಿಂಗಡಣೆಯ ಮೇಜಿನ ಬಳಿಗೆ ಹೋಗಬೇಕು. ಚಿಂದಿಯ ಮೂಟೆಗಳು ಹಲವು ದೇಶಗಳಿಂದ ಬರುತ್ತಿದ್ದವು. ಬ್ಯಾಟ್ಲಿಯ ಪಕ್ಕದ ಡ್ಯೂಸ್‌ಬರಿಯಲ್ಲಿ ಅವುಗಳ ಹರಾಜು ನಡೆಯುತ್ತಿತ್ತು. ಮೂಟೆ ಬಿಚ್ಚಿದ ಮೇಲಿನ ಕೆಲಸ ಹೆಂಗಸರದು. ಕೋಟೊಂದು ಕೈಗೆ ಬಂತೆನ್ನಿ. ಮೊದಲು ಗುಂಡಿ ಕಿತ್ತು, ಅಸ್ತರು ಬಿಡಿಸಬೇಕು. ಆಮೇಲೆ ಹೊಲಿಗೆಯ ಅಂಚುಗಳನ್ನು ಪೂರ್ತಿ ಕತ್ತರಿಸಿ ತೆಗೆಯಬೇಕು, ಏಕೆಂದರೆ ಹೊಲಿದ ದಾರ ಹತ್ತಿಯದು. ಅದು ಉಣ್ಣೆಯೊಳಗೆ ಉಳಿದರೆ ಮುಂದೆ ಬಣ್ಣ ಹಾಕಿದಾಗ ಹತ್ತಿಯ ಎಳೆ ಉಣ್ಣೆಯಂತೆ ಬಣ್ಣ ಹೀರದೆ ಬಟ್ಟೆಯ ತುಂಬ ಬಿಳಿಚಿಕೊಂಡು ಕಾಣುತ್ತದೆ. ಉಳಿದ ತುಂಡನ್ನು ಬೆರಳಲ್ಲಿ ಹೊಸಕಿ ನೋಡಿ, ಅದು ಮೆದುವೋ ಬಿಗಿಯೋ, ಹೊಸದೋ ಸವೆದದ್ದೋ, ಯಾವ ಬಣ್ಣದ ಯಾವ ಛಾಯೆಯದು ಎಂದು ತೀರ್ಮಾನಿಸಿ ಅದರದರ ಗುಂಪಿಗೆ ಎಸೆಯಬೇಕು. ಬಣ್ಣದ ವಿಂಗಡಣೆ ಚೆನ್ನಾಗಿದ್ದರೆ ನೂಲಿಗೆ ಮತ್ತೆ ಬಣ್ಣ ಹಾಕುವ ಅಗತ್ಯವೇ ಬೀಳುವುದಿಲ್ಲ. ನೀರು, ಬಣ್ಣ, ಸೌದೆ ಮೂರೂ ಉಳಿಯುತ್ತವೆ. ಇಂದು ಪರಿಸರಸ್ನೇಹಿ ಎಂದು ಲೇಬಲ್ ಹಚ್ಚಿ ಮಾರುವ ಗುಣ ಆಗ ಆ ಹೆಂಗಸರ ಕಣ್ಣಿನಲ್ಲಿತ್ತು.

ಇದಾದ ಮೇಲೆ ಯಂತ್ರದ ಸರದಿ. ಮೈತುಂಬ ಉಕ್ಕಿನ ಹಲ್ಲುಗಳಿದ್ದ ಉರುಳೆ ವೇಗವಾಗಿ ತಿರುಗುತ್ತ, ಎಣ್ಣೆ ಸಿಂಪಡಿಸಿದ ಚಿಂದಿಯನ್ನು ಎಳೆಎಳೆಯಾಗಿ ಹರಿಯುತ್ತಿತ್ತು. ಕಾರ್ಮಿಕರು ಅದನ್ನು ಕರೆದದ್ದು ‘ಡೆವಿಲ್’ ಎಂದು. ಅದರ ದೂಳು ಕುಡಿದವರಿಗೆ ಬರುತ್ತಿದ್ದ ಕಾಯಿಲೆಗೆ ಶಾಡಿ ಜ್ವರವೆಂಬ ಹೆಸರೇ ಇತ್ತು. ವಿಂಗಡಿಸುವವರ ಪಾಡು ಇನ್ನೂ ಕೆಟ್ಟದ್ದು. ಸಿಡುಬಿನಂಥ ಸಾಂಕ್ರಾಮಿಕ ರೋಗಗಳು ಹಬ್ಬುವುದು ಚಿಂದಿ ಆರಿಸುವವರ ಮೂಲಕ, ಅದಕ್ಕೆ ಮೊದಲ ಬಲಿಯೂ ಅವರೇ ಎಂದು ಮಾರ್ಕ್ಸ್ 1867ರ ಮೊದಲ ಸಂಪುಟದಲ್ಲಿ ದಾಖಲಿಸಿದ್ದಾನೆ. ನೂಲಿಗೂ ಬಾರದಷ್ಟು ಹಾಳಾದದ್ದು ಗೊಬ್ಬರವಾಗುತ್ತಿತ್ತು. ವೇಕ್‌ಫೀಲ್ಡ್ ಸುತ್ತಲಿನ ರೂಬಾರ್ಬ್ ಎಂಬ ತರಕಾರಿಯ ಬೆಳೆಗಾರರು ಸಾರಜನಕಕ್ಕಾಗಿ ಈ ಉಣ್ಣೆ ಕಸವನ್ನೇ ಹೊಲಕ್ಕೆ ಹಾಕುತ್ತಿದ್ದರು.

ಅಮೆರಿಕದ ಅಂತರ್ಯುದ್ಧ ಶುರುವಾದಾಗ ಗುತ್ತಿಗೆದಾರರು ಕಳಪೆ ಶಾಡಿಯ ಸಮವಸ್ತ್ರ ಒದಗಿಸಿದರು. ಕೆಲವೇ ದಿನಗಳಲ್ಲಿ ಅವು ಸೈನಿಕರ ಮೈಮೇಲೆ ಹರಿದವು. ಅಂದಿನಿಂದ ಶಾಡಿ ಎಂದರೆ ಇಂಗ್ಲಿಷಿನಲ್ಲಿ ಬೈಗುಳ. ಅಮೆರಿಕದ 1939ರ ಉಣ್ಣೆ ಲೇಬಲ್ ಕಾಯ್ದೆಯು ಹೊಸ ಉಣ್ಣೆ, ಬಳಸದ ಬಟ್ಟೆಯಿಂದ ಮರಳಿ ಪಡೆದದ್ದು, ಬಳಸಿದ ಬಟ್ಟೆಯಿಂದ ಮರಳಿ ಪಡೆದದ್ದು ಎಂದು ಮೂರು ಬಗೆ ಮಾಡಿ, ಬಟ್ಟೆಯ ಮೇಲೆ ಹಾಗೆಯೇ ನಮೂದಿಸಬೇಕೆಂದಿತು. 1980ರ ತಿದ್ದುಪಡಿ ಕೊನೆಯ ಎರಡನ್ನೂ ‘ಮರುಬಳಕೆಯ ಉಣ್ಣೆ’ ಎಂಬ ಒಂದೇ ಹೆಸರಿನಡಿ ತಂದಿತು. ಕೊಳ್ಳುವವರ ಹಿತ ಕಾಯಲು ಇಂಥ ಕಾಯ್ದೆ ಬೇಕಿತ್ತು, ಒಪ್ಪೋಣ. ಆದರೆ ಕೆಟ್ಟ ಹೆಸರು ಗುತ್ತಿಗೆದಾರರ ಲೋಭಕ್ಕೆ ಅಂಟುವ ಬದಲು ಹಳೆ ಬಟ್ಟೆಗೆ ಅಂಟಿಕೊಂಡದ್ದು ಅನ್ಯಾಯವೆಂದೇ ನಾನು ತಿಳಿಯುತ್ತೇನೆ.

ಉದ್ಯಮಕ್ಕೆ ಬಿದ್ದ ನಿಜವಾದ ಪೆಟ್ಟು ಬೇರೆ ಕಡೆಯಿಂದ ಬಂತು. ಹತ್ತಿ ಬೆರೆತ ಉಣ್ಣೆಯನ್ನು ಶುದ್ಧ ಮಾಡಲು ಹತ್ತೊಂಬತ್ತನೇ ಶತಮಾನದಲ್ಲೇ ಉಪಾಯ ಸಿಕ್ಕಿತ್ತು. ನೀರು ಬೆರೆಸಿ ತೆಳುಗೊಳಿಸಿದ ಆಮ್ಲದಲ್ಲಿ ನೆನೆಸಿ ಕಾಯಿಸಿದರೆ ಹತ್ತಿ ಸುಟ್ಟು ಪುಡಿಯಾಗುತ್ತದೆ, ಉಣ್ಣೆ ಉಳಿಯುತ್ತದೆ. ಎರಡನೇ ಮಹಾಯುದ್ಧದ ನಂತರ ಬಂದ ಪಾಲಿಯೆಸ್ಟರ್ ಈ ಉಪಾಯಕ್ಕೆ ಜಗ್ಗಲಿಲ್ಲ. ಮುಟ್ಟಿ ನೋಡಿ ಉಣ್ಣೆಯ ಪಾಲೆಷ್ಟು ಎಂದು ಹೇಳುವುದೂ ಕಷ್ಟವಾಯಿತು. ತಲೆಮಾರುಗಳಿಂದ ಬಂದ ಬೆರಳಿನ ವಿದ್ಯೆಗೆ ಹಿಡಿತ ತಪ್ಪಿದಾಗ ಬ್ಯಾಟ್ಲಿ, ಡ್ಯೂಸ್‌ಬರಿಗಳು ಸೊರಗಿದವು. ಪ್ರಾಟೊ ಮಾತ್ರ ಉಳಿದುಕೊಂಡಿತು. ಅಲ್ಲಿ ಚಿಂದಿ ಆರಿಸುವವರನ್ನು ‘ಚೆಂಚಾಯೋಲಿ’ ಎನ್ನುತ್ತಾರೆ. ಅದೇ ಊರಿನ ಲೇಖಕ ಕುರ್ಝಿಯೊ ಮಲಪಾರ್ಟೆ ಪ್ರಾಟೊದ ಚಿಂದಿಯ ಬಗ್ಗೆ ಅಭಿಮಾನದಿಂದಲೇ ಬರೆದ. ಕಸುಬಿಗೆ ಮರ್ಯಾದೆ ಕೊಟ್ಟ ಊರಿನಲ್ಲಿ ಕಸುಬು ಉಳಿಯಿತು ಎಂಬುದನ್ನು ಬರೀ ಕಾಕತಾಳೀಯ ಎನ್ನಲಾರೆ.

ಭಾರತಕ್ಕೆ ಬಂದಾಗ ಕಥೆ ಮತ್ತೆ ಹಳೆಯ ಬ್ಯಾಟ್ಲಿಯಂತಾಗುತ್ತದೆ. ದೇಶವಿಭಜನೆಯ ನಂತರ ನೇಕಾರರು ನೆಲೆಸಿದ ಪಾನಿಪತ್ತು, 1980ರ ದಶಕದಿಂದ ಶಾಡಿ ಕಂಬಳಿಯ ದೊಡ್ಡ ಕೇಂದ್ರವಾಯಿತು. ಶ್ರೀಮಂತ ದೇಶಗಳ ಹಳೆ ಉಣ್ಣೆ ಬಟ್ಟೆ ಇಲ್ಲಿಗೆ ಬರುವುದು ಕತ್ತರಿಸಿದ ಸ್ಥಿತಿಯಲ್ಲಿ. ಹಾಗೆಯೇ ತೊಡಲು, ಮಾರಲು ಬರಬಾರದೆಂದು ನಮ್ಮ ಸುಂಕದ ನಿಯಮ ಇಟ್ಟ ಷರತ್ತು ಅದು. ನೆಲಕ್ಕೆ ಕುಳಿತ ಹೆಂಗಸರು, ತರಕಾರಿ ಹೆಚ್ಚುವ ಈಳಿಗೆಯಂತೆ ನಿಲ್ಲಿಸಿದ ಅಲಗಿಗೆ ಬಟ್ಟೆ ಒತ್ತಿ ಗುಂಡಿ, ಜಿಪ್ಪು, ಲೇಬಲ್ ಬೇರ್ಪಡಿಸುತ್ತಾರೆ. ಬಣ್ಣದಂತೆ ರಾಶಿ ಹಾಕುತ್ತಾರೆ. ಮಾನವಶಾಸ್ತ್ರಜ್ಞೆ ಲೂಸಿ ನಾರಿಸ್ ಭಾರತದ ಈ ಹಳೆ ಬಟ್ಟೆಯ ಜಾಲವನ್ನು ವಿವರವಾಗಿ ಅಧ್ಯಯನ ಮಾಡಿದ್ದಾರೆ. ಮೇಘನಾ ಗುಪ್ತಾ ಅವರ 2012ರ ಸಾಕ್ಷ್ಯಚಿತ್ರ ‘ಅನ್‌ರ್‍ಯಾವೆಲ್’ನಲ್ಲಿ ಕಾರ್ಮಿಕ ಹೆಂಗಸರು, ಇಷ್ಟು ಒಳ್ಳೆಯ ಬಟ್ಟೆ ಬಿಸಾಡಬೇಕಾದರೆ ಆ ದೇಶಗಳಲ್ಲಿ ಒಗೆಯಲು ನೀರೇ ಸಿಗುವುದಿಲ್ಲವೇನೋ ಎಂದು ಮಾತಾಡಿಕೊಳ್ಳುತ್ತಾರೆ. ಪಶ್ಚಿಮದ ದುಂದಿಗೆ ಅವರಿಗೆ ತೋಚಿದ ಕಾರಣ ಬಡತನವೊಂದೇ.

ಶಾಡಿಗೊಂದು ಮಿತಿಯೂ ಇದೆ. ಹರಿದಷ್ಟೂ ನಾರು ಗಿಡ್ಡವಾಗುತ್ತದೆ, ಗುಣ ಇಳಿಯುತ್ತದೆ. ಈ ಮಿತಿ ಇಲ್ಲದ ದಾರಿ ನಮ್ಮ ಉತ್ತರ ಕರ್ನಾಟಕದ ಕೌದಿಯಲ್ಲಿದೆ. ಹಳೆ ಸೀರೆಯ ಮೇಲೆ ತುಂಡುಗಳನ್ನಿಟ್ಟು ಹೊಲಿಯುವಾಗ ಬಟ್ಟೆ ಬಟ್ಟೆಯಾಗಿಯೇ ಉಳಿಯುತ್ತದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಸಿದ್ದಿ ಮಹಿಳೆಯರು ಒಂದು ಮೂಲೆಯಿಂದ ಶುರುಮಾಡಿ ಅಂಚಿನ ಗುಂಟ ಸುತ್ತುತ್ತ, ನಡುಭಾಗದ ಕಡೆಗೆ ಹೊಲಿದುಕೊಂಡು ಹೋಗುತ್ತಾರೆ. ಮೂಲೆಗಳಿಗೆ ಮಡಚಿದ ತ್ರಿಕೋನದ ‘ಫೂಲ’ ಬರದೆ ಕೌದಿ ಮುಗಿಯಿತೆನ್ನುವಂತಿಲ್ಲ. ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವುಗಳ ಮೇಲೆ ಪುಸ್ತಕವನ್ನೇ ಬರೆದಿದ್ದಾರೆ. ಯಾವ ತುಂಡು ಎಲ್ಲಿಗೆ ಎಂದು ನಿರ್ಧರಿಸುವ ಕಣ್ಣು ಇಲ್ಲಿಯೂ ಬೇಕು. ಇಲ್ಲಿ ಅದನ್ನು ಕಲೆ ಎಂದು ಒಪ್ಪಿದ್ದೇವೆ. ಪಾನಿಪತ್ತಿನಲ್ಲಿ ಅದಿನ್ನೂ ಕೂಲಿ.

ಪರಿಹಾರ ಶಿಬಿರಗಳಿಗೆ ಹೋಗುತ್ತಿದ್ದ ಪಾನಿಪತ್ತಿನ ಶಾಡಿ ಕಂಬಳಿಯ ಜಾಗವನ್ನು ಈಗ ಪಾಲಿಯೆಸ್ಟರ್ ಫ್ಲೀಸ್ ಕಂಬಳಿ ಹಿಡಿಯುತ್ತಿದೆ. ಐರೋಪ್ಯ ಒಕ್ಕೂಟದ ದೇಶಗಳು 2025ರ ಜನವರಿ 1ರಿಂದ ಹಳೆ ಬಟ್ಟೆಯನ್ನು ಬೇರೆಯಾಗಿ ಸಂಗ್ರಹಿಸಲೇಬೇಕಾಗಿದೆ. ಸಂಗ್ರಹವಾದದ್ದನ್ನು ಆರಿಸಲು ನಾರಿನ ಜಾತಿ ಹೇಳುವ ಅವಕೆಂಪು ಕಿರಣದ ಯಂತ್ರಗಳು ಬಂದಿವೆ. ಅವುಗಳ ಕಣ್ಣು ಮೇಲ್ಪದರ ದಾಟಿ ಹೋಗುವುದಿಲ್ಲ, ಕಡುಗಪ್ಪು ಬಟ್ಟೆಯಲ್ಲಿ ಎಡವುತ್ತದೆ. ಒಳಗಿನ ಅಸ್ತರು, ಹೊಲಿಗೆಯ ದಾರ ಅವುಗಳಿಗೆ ಕಾಣುವುದಿಲ್ಲ. ಅಂದರೆ ಬ್ಯಾಟ್ಲಿಯ ಮೇಜಿನ ಮೇಲೆ ಹೆಂಗಸರು ಮಾಡುತ್ತಿದ್ದ ಕೆಲಸದ ಕಷ್ಟದ ಭಾಗ ಇಂದಿಗೂ ಕೈಗೇ ಬಿಟ್ಟಿದ್ದು. ಹಳೆ ಬಟ್ಟೆಯ ಮರುಬಳಕೆಗೆ ಹಣ ಹೂಡುವ ಬ್ರಾಂಡುಗಳೂ ಸರ್ಕಾರಗಳೂ ಆ ಕೈಗಳ ಕೂಲಿಯನ್ನು ಯಂತ್ರದ ಬೆಲೆಯಷ್ಟೇ ಗಂಭೀರವಾಗಿ ಲೆಕ್ಕಕ್ಕೆ ಹಿಡಿಯಬೇಕು, ಬಟ್ಟೆ ನೇಯುವ ಮೊದಲೇ ಅದನ್ನು ಬಿಡಿಸುವವರನ್ನು ಕೇಳಬೇಕು.