ಸಂಬಳದ ಕಟಾವಣೆಗಳ ಪೂರ್ವೋತ್ತರ: ದಕ್ಷಿಣ ಬೆಂಗಳೂರನ್ನು ಕುರಿತು ಒಂದು ವಿಚಾರ

ಜಯನಗರದ ಬ್ಯಾಂಕಿನ ಗುಮಾಸ್ತರು, ಬಿ.ಟಿ.ಎಂ. ಬಡಾವಣೆಯ ಕಛೇರಿಗಳ ನೌಕರರು, ಬೊಮ್ಮನಹಳ್ಳಿಯ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಹೊಲಿಗೆಯಂತ್ರದ ಮುಂದೆ ದುಡಿಯುವ ಹೆಂಗಸರು, ಇವರೆಲ್ಲರ ಸಂಬಳದ ಚೀಟಿಗಳಲ್ಲಿ ಗಳಿಕೆಯ ಪಕ್ಕದಲ್ಲಿ ಕಟಾವಣೆಗಳಿಗಾಗಿ ಒಂದು ಅಂಕಣವಿರುತ್ತದೆ. ಆಡುಮಾತಿನಲ್ಲಿ ಅದೆಲ್ಲವೂ ‘ಹಿಡಿದುಕೊಂಡ ದುಡ್ಡು’. ಆದರೆ ಅಲ್ಲಿ ಒಂದರ ಕೆಳಗೊಂದು ಕುಳಿತಿರುವ ಬಾಬುಗಳಲ್ಲಿ ಕೆಲವು ತೆರಿಗೆ, ಕೆಲವು ವಿಮೆ, ಇನ್ನು ಕೆಲವು ನೌಕರನ ಸ್ವಂತ ಉಳಿತಾಯ. ಇವುಗಳ ಹುಟ್ಟು ಬೇರೆ, ಒಡೆತನವೂ ಬೇರೆ. ಈ ಭೇದವು ಇತಿಹಾಸದಲ್ಲಿ ಹೇಗೆ ಏರ್ಪಟ್ಟಿತೆಂಬುದನ್ನು ಇಲ್ಲಿ ಪರಿಶೀಲಿಸಲು ಬಯಸುತ್ತೇವೆ.

ಇಂದು ಕರ್ನಾಟಕ ರಾಜ್ಯಕ್ಕೆ ಸಂಬಳದ ಮೇಲೆ ಆದಾಯ ತೆರಿಗೆ ಹಾಕುವ ಅಧಿಕಾರವಿಲ್ಲ. ಹಿಂದೆ ಹೀಗಿರಲಿಲ್ಲ. ಮೈಸೂರು ಸಂಸ್ಥಾನವು 1923ರಲ್ಲಿ ತನ್ನದೇ ಆದಾಯ ತೆರಿಗೆಯ ಕಾಯಿದೆಯನ್ನು ಮಾಡಿತ್ತು. ದಂಡು ಪ್ರದೇಶವು 1947ರ ಜುಲೈವರೆಗೆ ಬ್ರಿಟಿಷರ ಆಡಳಿತದಲ್ಲಿದ್ದರೂ ಬಸವನಗುಡಿಯೂ ಅದರಾಚೆಯ ಹಳ್ಳಿಗಳೂ ಮಹಾರಾಜರ ಸರಕಾರಕ್ಕೆ ಸೇರಿದ್ದವು. 1948ರಲ್ಲಿ ಜಯನಗರಕ್ಕೆ ಅಸ್ತಿಭಾರ ಬಿದ್ದಾಗಲೂ ತೆರಿಗೆಯ ಸ್ವಾಮ್ಯ ಮೈಸೂರಿನದೇ. ಸಂಸ್ಥಾನಗಳ ಹಣಕಾಸನ್ನು ವಿಚಾರಿಸಲು ವಿ. ಟಿ. ಕೃಷ್ಣಮಾಚಾರಿಯವರ ಅಧ್ಯಕ್ಷತೆಯಲ್ಲಿ ಕುಳಿತ ಸಮಿತಿಯ ಸಲಹೆಗಳನ್ನು ಅನುಸರಿಸಿ, 1950ರ ಏಪ್ರಿಲ್ 1ರಂದು ಈ ಸ್ವಾಮ್ಯವು ಕೇಂದ್ರಕ್ಕೆ ವರ್ಗವಾಯಿತು. ಭಾರತದ 1922ರ ಆದಾಯ ತೆರಿಗೆ ಕಾಯಿದೆಯು ಮೈಸೂರಿಗೂ ಅನ್ವಯಿಸಿತು. ಸಂಬಳ ಕೊಡುವವನೇ ತೆರಿಗೆಯನ್ನು ಮುರಿದುಕೊಂಡು ಸರಕಾರಕ್ಕೆ ಕಟ್ಟಬೇಕೆಂಬ ಕ್ರಮವು ಆ ಕಾಯಿದೆಯಲ್ಲಿ ಆಗಲೇ ಇದ್ದಿತು.

ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಈ ಹಂಚಿಕೆ ಸ್ಪಷ್ಟವಾಗಿದೆ. ಕೃಷಿಯೇತರ ಆದಾಯದ ಮೇಲಣ ತೆರಿಗೆ ಒಕ್ಕೂಟದ ಪಟ್ಟಿಯ 82ನೆಯ ಬಾಬು. ಕೃಷಿ ಆದಾಯದ ತೆರಿಗೆ ರಾಜ್ಯಪಟ್ಟಿಯ 46ನೆಯದು. ಅಂದರೆ ಕಾಫಿತೋಟದ ಆದಾಯವನ್ನು ರಾಜ್ಯ ಮುಟ್ಟಬಹುದು, ಗುಮಾಸ್ತನ ಸಂಬಳವನ್ನು ಮುಟ್ಟಲಾಗದು. ಆದರೂ ರಾಜ್ಯಪಟ್ಟಿಯ 60ನೆಯ ಬಾಬಿನಲ್ಲಿ ವೃತ್ತಿ, ವ್ಯಾಪಾರ, ಕಸುಬು, ಉದ್ಯೋಗಗಳ ಮೇಲೆ ತೆರಿಗೆ ಹಾಕಲು ಒಂದು ಕಿಂಡಿ ಬಿಟ್ಟಿದೆ. ಈ ತೆರಿಗೆ ಆದಾಯಕ್ಕೆ ಸಂಬಂಧಿಸಿದ್ದೆಂಬ ಕಾರಣದಿಂದಲೇ ಅಸಿಂಧುವಾಗದೆಂದು 276ನೆಯ ಅನುಚ್ಛೇದವು ಹೇಳುತ್ತದೆ. ಹೀಗೆ ಹೇಳಬೇಕಾಗಿ ಬಂದುದೇ, ಇದು ಆದಾಯ ತೆರಿಗೆಯ ನೆರಳೆಂಬುದನ್ನು ಶಾಸನಕರ್ತರು ಬಲ್ಲವರಾಗಿದ್ದರೆಂಬುದಕ್ಕೆ ಸಾಕ್ಷಿ.

ಕಿಂಡಿ ಹೆಬ್ಬಾಗಿಲಾಗದಂತೆ ಮಿತಿಯನ್ನೂ ಹಾಕಿದರು. 1939ರಲ್ಲಿ ಸಂಯುಕ್ತ ಪ್ರಾಂತದ ಶಾಸನಸಭೆಯು ಉದ್ಯೋಗಗಳ ಮೇಲೆ ತೆರಿಗೆ ಹಾಕಲು ಹೊರಟಾಗ, ಬ್ರಿಟಿಷ್ ಪಾರ್ಲಿಮೆಂಟು 1940ರಲ್ಲಿ 1935ರ ಭಾರತ ಸರಕಾರ ಕಾಯಿದೆಗೆ 142ಎ ವಿಧಿಯನ್ನು ಸೇರಿಸಿ, ತಲೆಗೆ ವರ್ಷಕ್ಕೆ 50 ರೂಪಾಯಿಯ ಗಡಿಯನ್ನು ಕಟ್ಟಿತು. ಸಂವಿಧಾನವು ಇದನ್ನು 250ಕ್ಕೆ ಏರಿಸಿತು. 1988ರ ಅರುವತ್ತನೆಯ ತಿದ್ದುಪಡಿಯು 2,500ಕ್ಕೆ ಒಯ್ದಿತು. ಅಲ್ಲಿಂದೀಚೆಗೆ ರೂಪಾಯಿಯ ಬೆಲೆ ಎಷ್ಟು ಇಳಿಯಿತೆಂಬುದನ್ನು ಓದುಗರಿಗೆ ಹೇಳಬೇಕಾಗಿಲ್ಲ.

ಕರ್ನಾಟಕದ ವೃತ್ತಿ ತೆರಿಗೆ ಕಾಯಿದೆ 1976ರದು. ನೌಕರರ ಪರವಾಗಿ ಅದನ್ನು ಮುರಿದು ಕಟ್ಟುವ ಹೊಣೆ ಮಾಲೀಕನದು. ಬಹುಕಾಲ ತಿಂಗಳಿಗೆ 200 ರೂಪಾಯಿ ಅದರ ಮೇಲಣ ದರವಾಗಿತ್ತು. ವರ್ಷಕ್ಕೆ 2,400, ಸಂವಿಧಾನದ ಗಡಿಗೆ ನೂರು ಕಡಮೆ. ಆ ನೂರನ್ನೂ ಬಿಡಲಾಗದೆ 2025ರ ಏಪ್ರಿಲಿನಿಂದ ಫೆಬ್ರವರಿ ತಿಂಗಳಲ್ಲಿ ಮಾತ್ರ 300 ರೂಪಾಯಿ ಹಿಡಿಯುವ ಏರ್ಪಾಡಾಯಿತು. ಫೆಬ್ರವರಿಯಲ್ಲಿ ನೂರು ರೂಪಾಯಿ ಏಕೆ ಕಡಮೆ ಬಂದಿತೆಂದು ಕೇಳುವವರಿಗೆ ಇದೇ ಉತ್ತರ. 2023ರ ಏಪ್ರಿಲಿನಿಂದ 25,000ಕ್ಕಿಂತ ಕಡಮೆ ಸಂಬಳದವರಿಗೆ ವಿನಾಯಿತಿ ದೊರೆತುದು ಸ್ವಾಗತಾರ್ಹ. ಆದರೆ ಅದರ ಮೇಲೆ ಎಲ್ಲರೂ ಸಮಾನರು: 25,000 ಪಡೆಯುವವನಿಗೆ 200 ರೂಪಾಯಿಯೆಂದರೆ ಶೇಕಡ 0.8, ಎರಡೂವರೆ ಲಕ್ಷ ಪಡೆಯುವವನಿಗೆ ಶೇಕಡ 0.08. ಹಣಕಾಸಿನ ಶಾಸ್ತ್ರದ ದೃಷ್ಟಿಯಿಂದ ಇದು ನ್ಯಾಯವಾದ ಹಂಚಿಕೆಯೆಂದು ನಮಗೆ ತೋರುವುದಿಲ್ಲ. ದೋಷ ರಾಜ್ಯದ್ದೆನ್ನುವುದಕ್ಕಿಂತ, ಮೇಲೆ ಹೇಳಿದ ಗಡಿಯದು.

ಇನ್ನು ತೆರಿಗೆಯಲ್ಲದ ಕಟಾವಣೆಗಳು. ನೌಕರರ ರಾಜ್ಯ ವಿಮೆಯ ಕಾಯಿದೆ 1948ರದು. 2019ರ ಜುಲೈಯಿಂದ ಕಾರ್ಮಿಕನ ಪಾಲು ವೇತನದ ಶೇಕಡ 0.75, ಮಾಲೀಕನದು 3.25. ಕಾರ್ಮಿಕ ಕಲ್ಯಾಣ ನಿಧಿಯ 1965ರ ಕಾಯಿದೆಯ ವಂತಿಗೆ ಅಲ್ಪ. ಅದು ವರ್ಷಕ್ಕೊಮ್ಮೆ ಬಂದು ಹೋಗುತ್ತದೆ. ಎಲ್ಲಕ್ಕಿಂತ ದೊಡ್ಡದು ಭವಿಷ್ಯ ನಿಧಿ, ಜನರ ಬಾಯಲ್ಲಿ ಪಿ.ಎಫ್. 1952ರಲ್ಲಿ ಶೇಕಡ ಆರೂಕಾಲರಿಂದ ಮೊದಲಾದ ಇದರ ದರ ಕ್ರಮೇಣ 12ಕ್ಕೆ ಏರಿತು. ಮಾಲೀಕನೂ ಅಷ್ಟೇ ಕೊಡಬೇಕು; ಆದರೆ ಅವನ ಪಾಲಿನಲ್ಲಿ 8.33 ಪಿಂಚಣಿಗೆ ಹೋಗಿ 3.67 ಮಾತ್ರ ನಿಧಿಗೆ ಸೇರುತ್ತದೆ.

ಈ 3.67ರ ವಿಷಯವಾಗಿ ಬೆಂಗಳೂರು ಕಂಡ ಪ್ರಸಂಗವು ವಿವರವಾಗಿ ನೆನೆಯತಕ್ಕದ್ದು. ಕೆಲಸ ಬಿಟ್ಟವರು ಮಾಲೀಕನ ಪಾಲನ್ನು 58 ವರ್ಷ ತುಂಬುವವರೆಗೆ ಹಿಂತೆಗೆಯಕೂಡದೆಂದು ಕೇಂದ್ರ ಸರಕಾರವು 2016ರ ಫೆಬ್ರವರಿಯಲ್ಲಿ ಪ್ರಕಟಣೆ ಹೊರಡಿಸಿತು. ವೃದ್ಧಾಪ್ಯಕ್ಕೆ ಹಣ ಉಳಿಯಲೆಂಬುದು ಅದರ ತರ್ಕ. ಸಿದ್ಧ ಉಡುಪಿನ ಹೆಂಗಸರ ತರ್ಕವೇ ಬೇರೆ. ಆ ಕೆಲಸದಲ್ಲಿ 58ರವರೆಗೆ ನಿಲ್ಲುವವರು ವಿರಳ. ಮಕ್ಕಳ ಶಾಲೆಯ ಶುಲ್ಕ, ಮನೆಯ ಮದುವೆ, ಕೈಸಾಲ ಇವುಗಳಿಗಾಗಿ ಕೆಲಸ ಬಿಟ್ಟು ಪಿ.ಎಫ್. ತೆಗೆದು ಮತ್ತೊಂದು ಕಾರ್ಖಾನೆ ಸೇರುವುದು ಅಲ್ಲಿಯ ರೂಢಿ. ಉದಾಹರಣೆಗಾಗಿ 7,000 ರೂಪಾಯಿಯ ವೇತನವನ್ನು ತೆಗೆದುಕೊಂಡರೆ, ಮಾಲೀಕನ ಪಾಲಿನಿಂದ ನಿಧಿಗೆ ಸೇರುವುದು ತಿಂಗಳಿಗೆ ಸುಮಾರು 257; ಐದು ವರ್ಷಕ್ಕೆ, ಬಡ್ಡಿಯನ್ನು ಬಿಟ್ಟು, 15,420. ಅದು ಎರಡು ತಿಂಗಳಿಗೂ ಮಿಕ್ಕ ಸಂಬಳ.

ಏಪ್ರಿಲ್ 18ರಂದು ಸಾವಿರಾರು ಮಂದಿ, ಬಹುಪಾಲು ಹೆಂಗಸರು, ಬೊಮ್ಮನಹಳ್ಳಿಯ ಬಳಿ ಹೊಸೂರು ರಸ್ತೆಗೆ ಇಳಿದು ಕುಳಿತರು. ಮರುದಿನ ಚಳವಳಿಯು ತುಮಕೂರು ರಸ್ತೆಗೂ ಹಬ್ಬಿತು. ಹೆಬ್ಬಗೋಡಿಯಲ್ಲಿ ಪೊಲೀಸ್ ಠಾಣೆಯ ಬಳಿ ವಾಹನಗಳು ಉರಿದವು, ಲಾಠಿ ಬೀಸಿತು. ಆ ಎರಡು ದಿನಗಳ ಹಿಂಸೆಯನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಅರಿಯದ ಜನ ವದಂತಿಗೆ ಮರುಳಾದರೆಂದು ಕೆಲವರು ಹೇಳಿದುದನ್ನು ಒಪ್ಪಲಾರೆವು. ಕಟಾವಣೆಯ ಅಂಕಣದಲ್ಲಿ ಯಾವುದು ಸರಕಾರದ್ದು, ಯಾವುದು ತಮ್ಮದು ಎಂಬ ಭೇದವನ್ನು ಆ ಹೆಂಗಸರು ಎಷ್ಟೋ ಮಂದಿ ಪದವೀಧರರಿಗಿಂತ ಚೆನ್ನಾಗಿ ತಿಳಿದಿದ್ದರು. ವೃತ್ತಿ ತೆರಿಗೆಗಾಗಿ ಯಾರೂ ಹೊಸೂರು ರಸ್ತೆಯಲ್ಲಿ ಕುಳಿತುದಿಲ್ಲ. ಏಪ್ರಿಲ್ 19ರ ಸಂಜೆಯ ಹೊತ್ತಿಗೆ ಕೇಂದ್ರದ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಅವರು ಪ್ರಕಟಣೆಯನ್ನು ಹಿಂತೆಗೆದುಕೊಂಡುದಾಗಿ ಸಾರಿದರು. ಹಳೆಯ ನಿಯಮವೇ ಮುಂದುವರಿಯಿತು.